ಸ್ವೆಲ್‌ಗೆ ‘ಉಬ್ಬರ’ ಎನ್ನಬಹುದೇ? ತಾಹಿತಿಯ ಅಲೆ ಮುನ್ನೋಟವೊಂದರ ಪದಗಳು

ಮಾನ್ಯರೇ,

ದಕ್ಷಿಣ ಪೆಸಿಫಿಕ್‌ನ ತಾಹಿತಿ ದ್ವೀಪದಲ್ಲಿ ತೆಆಹುಪೊಒ ಎಂಬ ಊರಿದೆ. ಅದರ ಎದುರು, ದಡದಿಂದ ಸುಮಾರು ಅರ್ಧ ಕಿಲೋಮೀಟರ್ ಆಚೆ, ಹವಳದ ದಿಬ್ಬದ ಮೇಲೆ ಒಡೆಯುವ ಅಲೆ ಜಗತ್ತಿನ ಸರ್ಫಿಂಗ್ ಆಟಗಾರರಿಗೆಲ್ಲ ಪರಿಚಿತ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ಪ್ಯಾರಿಸ್ಸಿನಿಂದ ಹದಿನೈದು ಸಾವಿರ ಕಿಲೋಮೀಟರ್‌ಗೂ ದೂರದ ಈ ಜಾಗದಲ್ಲಿಯೇ ನಡೆಯಿತು. ಗಾಳಿ ಮತ್ತು ಅಲೆಗಳ ಸ್ಥಿತಿ ಸರಿಯಿಲ್ಲವೆಂದು ನಡುವೆ ಕೆಲವು ದಿನ ಸ್ಪರ್ಧೆಯನ್ನು ಮುಂದೂಡಬೇಕಾಗಿಯೂ ಬಂತು. ಇಂಥ ಜಾಗಕ್ಕೆಂದು ಸಿದ್ಧವಾಗುವ ಅಲೆ ಮತ್ತು ಹವಾಮಾನದ ಮುನ್ನೋಟವನ್ನು ಓದುವುದು ಹೇಗೆಂದು ಕನ್ನಡದ ಓದುಗರಿಗೆ ವಿವರಿಸುವ ಬರಹವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಎದುರಾದ ಕೆಲವು ಪದಗಳ ಬಗ್ಗೆ, ಮುಖ್ಯವಾಗಿ ದೂರದ ಬಿರುಗಾಳಿಯಲ್ಲಿ ಹುಟ್ಟಿ ದಡಕ್ಕೆ ಬರುವ ಅಲೆಗಳಿಗೆ ಇಂಗ್ಲಿಷಿನಲ್ಲಿರುವ ‘ಸ್ವೆಲ್’ ಎಂಬ ಒಂದು ಪದದ ಬಗ್ಗೆ, ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

ಚರ್ಚೆಗೆ ಅನುಕೂಲವಾಗಲೆಂದು ನಾನೇ ರಚಿಸಿಕೊಂಡ ಒಂದು ಮಾದರಿ ಮುನ್ನೋಟವನ್ನು ಕೊಡುತ್ತಿದ್ದೇನೆ. ಅಂಕಿಗಳು ಕಾಲ್ಪನಿಕ, ಆದರೆ ಅಲ್ಲಿನ ಚಳಿಗಾಲದಲ್ಲಿ ಕಾಣುವಂಥವೇ.

“ಮಂಗಳವಾರ ಮಧ್ಯಾಹ್ನದಿಂದ ನೈಋತ್ಯದ ಹೊಸ ಸ್ವೆಲ್ ಬರತೊಡಗಿ, ಬುಧವಾರ ಬೆಳಗ್ಗೆ ಹೆಚ್ಚಿನ ಮಟ್ಟ ಮುಟ್ಟಲಿದೆ. ಎತ್ತರ 2.5 ಮೀಟರ್, ಪೀರಿಯಡ್ 16 ಸೆಕೆಂಡು. ಮುಂಜಾನೆ ನೆಲದ ಕಡೆಯಿಂದ ಹಗುರವಾದ ಗಾಳಿ ಇದ್ದು, ಹೊತ್ತೇರಿದಂತೆ ಆಗ್ನೇಯದ ಗಾಳಿ ಬಲಗೊಂಡು ಅಲೆಯ ಮೈ ಕದಡಲಿದೆ. ಗುರುವಾರ ಸ್ವೆಲ್ ಇಳಿಮುಖವಾಗಲಿದೆ.”

ಕಡಲಿನ ಮೇಲೆ ಗಾಳಿ ಬೀಸುತ್ತಿರುವಾಗ ಅಲ್ಲಿಯೇ ಏಳುವ ಅಲೆಗಳು ಒಂದಕ್ಕೊಂದು ಹೊಂದದೆ, ದಿಕ್ಕುದೆಸೆಯಿಲ್ಲದೆ, ಚಿಕ್ಕ ಚಿಕ್ಕ ಅಂತರದಲ್ಲಿ ಏಳುತ್ತವೆ. ಆ ಗಾಳಿಯ ವಲಯವನ್ನು ದಾಟಿ ಹೊರಬಂದ ಮೇಲೆ, ಗಾಳಿಯ ಹಂಗಿಲ್ಲದೆ ತಮ್ಮ ಶಕ್ತಿಯಿಂದಲೇ ಸಾವಿರಾರು ಕಿಲೋಮೀಟರ್ ಸಾಗುತ್ತ, ದಾರಿಯುದ್ದಕ್ಕೂ ಉದ್ದ ಅಲೆಗಳು ಮುಂದಾಗಿ ಗಿಡ್ಡ ಅಲೆಗಳು ಹಿಂದಾಗಿ ವಿಂಗಡಣೆಗೊಂಡು, ಕೊನೆಗೆ ಸಾಲುಸಾಲಾಗಿ ದಡ ಸೇರುವ ಅಲೆಗಳೇ ಸ್ವೆಲ್. ತೆಆಹುಪೊಒಗೆ ಬರುವ ಸ್ವೆಲ್ ಹುಟ್ಟುವುದು ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಕಡಲಿನ ಬಿರುಗಾಳಿಗಳಲ್ಲಿ. 16 ಸೆಕೆಂಡಿನ, ಅಂದರೆ ಒಂದು ಅಲೆಯ ನಂತರ ಇನ್ನೊಂದು ಬರಲು ಅಷ್ಟು ಹೊತ್ತು ಹಿಡಿಯುವ, ಸ್ವೆಲ್‌ನ ಶಕ್ತಿ ಆಳದ ನೀರಿನಲ್ಲಿ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ; ನಾಲ್ಕು ಸಾವಿರ ಕಿಲೋಮೀಟರ್‌ಗೂ ಹೆಚ್ಚಿನ ಆ ಹಾದಿಗೆ ನಾಲ್ಕು ದಿನದ ಆಸುಪಾಸು ಬೇಕು. ಇಂದು ಎದ್ದ ಬಿರುಗಾಳಿಯನ್ನು ನೋಡಿ ಮುಂದಿನ ವಾರದ ಅಲೆಯನ್ನು ಹೇಳಲು ಸಾಧ್ಯವಾಗುವುದು ಇದರಿಂದಲೇ. ಹೀಗಾಗಿ ಮುನ್ನೋಟದಲ್ಲಿ ಗಾಳಿಯಿಂದ ಅಲ್ಲಿಯೇ ಎದ್ದ ಅಲೆಗೂ ಸ್ವೆಲ್‌ಗೂ ಬೇರೆ ಬೇರೆ ಹೆಸರು ಇರಲೇಬೇಕು. ಎರಡನ್ನೂ ‘ಅಲೆ’ ಎಂದು ಬರೆದುಬಿಟ್ಟರೆ ಮುನ್ನೋಟದ ಅರ್ಧ ವಿಷಯವೇ ಕಳೆದುಹೋಗುತ್ತದೆ.

ಸ್ವೆಲ್‌ಗೆ ಕೂಡಲೇ ಹೊಳೆಯುವ ಕನ್ನಡ ಪದ ‘ಉಬ್ಬರ’. ‘ಉಬ್ಬು’ ಧಾತುವಿನಿಂದ ಬಂದದ್ದು, ಇಂಗ್ಲಿಷಿನ ಪದದ ಮೂಲಾರ್ಥಕ್ಕೂ ಹೊಂದುತ್ತದೆ, ಕಿವಿಗೂ ಒಪ್ಪುತ್ತದೆ. ನನ್ನ ಆಕ್ಷೇಪವಿರುವುದು ಇದರ ಬಗ್ಗೆಯೇ. ಶಾಲೆಯ ಭೂಗೋಳದ ಪಾಠದಿಂದ ಹಿಡಿದು ಮೀನುಗಾರಿಕೆಯ ಮಾತಿನವರೆಗೆ ‘ಉಬ್ಬರವಿಳಿತ’ ಎಂದರೆ ಸೂರ್ಯ ಚಂದ್ರರ ಸೆಳೆತದಿಂದ ಕಡಲಿನ ಮಟ್ಟವೇ ಏರಿ ಇಳಿಯುವುದು. ಉತ್ತರ ಕನ್ನಡದ ಕಡೆ ‘ಭರತ ಇಳಿತ’ ಎನ್ನುವುದೂ ಇದನ್ನೇ. ‘ಉಬ್ಬರ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕರಾವಳಿಯವರ ಮನಸ್ಸು ಹುಣ್ಣಿಮೆ ಅಮಾವಾಸ್ಯೆಗಳತ್ತ ಹೋಗುತ್ತದೆ. ಸ್ವೆಲ್‌ಗೂ ಚಂದ್ರನಿಗೂ ಸಂಬಂಧವೇ ಇಲ್ಲ.

ಈ ಗೊಂದಲ ಎಷ್ಟು ದೂರ ಹೋಗಬಹುದೆಂಬುದಕ್ಕೆ ತಾಹಿತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ದಿನಕ್ಕೆರಡು ಸಲ ಬರುವ ಚಂದ್ರನ ಉಬ್ಬರ ಬಹುತೇಕ ಇಲ್ಲವಾಗುವಂಥ ಕೆಲವು ನೆಲೆಗಳು ಮಹಾಸಾಗರಗಳಲ್ಲಿವೆ. ತಾಹಿತಿ ಅಂಥದೊಂದು ನೆಲೆಗೆ ಹತ್ತಿರದಲ್ಲಿದೆ. ಹಾಗಾಗಿ ಅಲ್ಲಿ ಉಳಿಯುವುದು ಹೆಚ್ಚಾಗಿ ಸೂರ್ಯನ ಉಬ್ಬರ ಮಾತ್ರ. ನಮ್ಮಲ್ಲಿ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತ ಹೋದರೆ, ಅಲ್ಲಿ ಹೆಚ್ಚುಕಡಿಮೆ ಪ್ರತಿದಿನವೂ ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೆ ಉಬ್ಬರ, ಬೆಳಗಿನ ಮತ್ತು ಸಂಜೆಯ ಆರರ ಸುಮಾರಿಗೆ ಇಳಿತ. ಏರಿಳಿತದ ಅಂತರವೂ ಸುಮಾರು 30 ಸೆಂಟಿಮೀಟರ್ ಅಷ್ಟೇ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದಕ್ಕಿಂತ ತುಸು ಹೆಚ್ಚು. ಅಂಥ ಊರಿನ ಮುನ್ನೋಟದಲ್ಲಿ “ಬುಧವಾರ ನೈಋತ್ಯದ ಉಬ್ಬರ 2.5 ಮೀಟರ್” ಎಂದು ಬರೆದರೆ, ಕಡಲು ತಿಳಿದ ಓದುಗರು ಎಲ್ಲಿಯೂ ಇಲ್ಲದ ಒಂದು ಪ್ರಳಯವನ್ನು ಕಲ್ಪಿಸಿಕೊಳ್ಳುತ್ತಾರೆ, ತಿಳಿಯದವರು ಸ್ವೆಲ್ ಎಂಬುದು ನಡುಹಗಲಿಗೆ ಏರಿ ಸಂಜೆಗೆ ಇಳಿಯುವ ಸಂಗತಿಯೆಂದು ಭಾವಿಸುತ್ತಾರೆ.

ಇದು ತಾಹಿತಿಯ ಆಟಕ್ಕೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ನಾನು ಇಷ್ಟು ಒತ್ತಿ ಕೇಳುತ್ತಿರಲಿಲ್ಲ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು, ಅಂದರೆ ಇನ್‌ಕಾಯ್ಸ್, ನಮ್ಮ ಕರಾವಳಿಗೂ ಸ್ವೆಲ್‌ನ ಎಚ್ಚರಿಕೆಗಳನ್ನು ಕೊಡುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಕೇರಳದ, ಕೆಲವೊಮ್ಮೆ ಕರ್ನಾಟಕದ ದಡಕ್ಕೂ ಬಂದು, ಗಾಳಿಯೂ ಮಳೆಯೂ ಇಲ್ಲದ ತಿಳಿಯಾದ ದಿನದಲ್ಲಿ ದಡದ ಮನೆಗಳಿಗೆ ನೀರು ನುಗ್ಗಿಸುತ್ತವೆ. ಮಲಯಾಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2012ರಲ್ಲಿ ಯುನೆಸ್ಕೋ ಕೂಡ ಈ ಹೆಸರನ್ನು ಅಂಗೀಕರಿಸಿತು. ಹೇಳದೆ ಕೇಳದೆ ಬರುವ ಕಡಲೆಂಬುದು ಅರ್ಥ. ಅಲ್ಲಿರುವುದು ನಮ್ಮ ‘ಕಳ್ಳ’ನೇ ಆದ್ದರಿಂದ ಕನ್ನಡದಲ್ಲಿ ‘ಕಳ್ಳಗಡಲು’ ಎಂದು ಸರಾಗವಾಗಿ ಹೇಳಬಹುದು. ಆ ಹೆಸರು ಇಂಗ್ಲಿಷ್ ಅಕ್ಷರಗಳ ಮೂಲಕ ಬಂದಾಗ ‘ಕಲ್ಲ’ ಎಂದು ಓದಿ, ಕಳ್ಳನನ್ನು ಕಲ್ಲಾಗಿಸುವ ಅಪಾಯವಿದೆಯೆಂದು ಸುದ್ದಿ ಬರೆಯುವವರಿಗೆ ತಿಳಿಸಬೇಕೆನಿಸುತ್ತದೆ. ಇಂಥ ಎಚ್ಚರಿಕೆಯನ್ನು ಕನ್ನಡದಲ್ಲಿ ‘ಉಬ್ಬರದ ಎಚ್ಚರಿಕೆ’ ಎಂದು ಬರೆದರೆ, ಅಮಾವಾಸ್ಯೆಗೆ ಇನ್ನೂ ವಾರವಿದೆಯೆಂದು ದೋಣಿಯನ್ನು ಮೇಲೆಳೆಯದೆ ಬಿಡುವವರು ಇರಬಹುದು. ಪದದ ಆಯ್ಕೆ ಇಲ್ಲಿ ಜೀವಕ್ಕೂ ಜೀವನೋಪಾಯಕ್ಕೂ ಸಂಬಂಧಿಸಿದ್ದು.

ಆದರೆ ಕಳ್ಳಗಡಲು ಎಂಬುದು ಸ್ವೆಲ್ ದಡ ನುಗ್ಗಿದಾಗಿನ ಪರಿಣಾಮದ ಹೆಸರು, ಸ್ವೆಲ್‌ನ ಹೆಸರಲ್ಲ. ತೆಆಹುಪೊಒದ ಮುನ್ನೋಟಕ್ಕೆ ಅದು ಒದಗದು. ‘ರಕ್ಕಸ ಅಲೆ’ ಎಂಬುದನ್ನು ಪತ್ರಿಕೆಗಳು ಸುನಾಮಿಗೆ ಮೀಸಲಿಟ್ಟಿವೆ. ‘ಹೆದ್ದೆರೆ’ ಎಂಬ ಸುಂದರವಾದ ಪದ ನಮ್ಮಲ್ಲಿದೆ, ಆದರೆ ಅದು ಗಾತ್ರವನ್ನು ಹೇಳುತ್ತದೆ. ಸ್ವೆಲ್ ಅರ್ಧ ಮೀಟರಿನದೂ ಆಗಿರಬಹುದು. ಸ್ವೆಲ್‌ನ ಲಕ್ಷಣ ಅದರ ಉದ್ದ ಮತ್ತು ಅದು ಬಂದ ದೂರ. ಇದನ್ನು ಗಮನಿಸಿ ಎರಡು ರೂಪಗಳನ್ನು ಮುಂದಿಡುತ್ತೇನೆ: ‘ನಿಡುದೆರೆ’ ಮತ್ತು ‘ದೂರದಲೆ’. ನಿಡುದೆರೆ ಕಟ್ಟಡದಲ್ಲಿ ಗಟ್ಟಿಯಾದ ಪದ, ಅರ್ಥದಲ್ಲಿಯೂ ಕರಾರುವಾಕ್ಕು. ಆದರೆ ವಚನಗಳ ‘ನೊರೆತೆರೆ’ಯನ್ನು ಬಲ್ಲ ಓದುಗರಿಗೂ ಇಂದು ‘ತೆರೆ’ ಎಂದೊಡನೆ ಮೊದಲು ನೆನಪಾಗುವುದು ಪರದೆಯೇ. ದೂರದಲೆ ತಾನಾಗಿಯೇ ಅರ್ಥವಾಗುತ್ತದೆ, ಜೊತೆಗೆ ‘ಗಾಳಿಯಲೆ’ ಎಂಬುದನ್ನು ಅದರ ಎದುರು ನಿಲ್ಲಿಸಬಹುದು. ನನ್ನ ಒಲವು ಸದ್ಯಕ್ಕೆ ಇದರ ಕಡೆಗಿದೆ.

‘ಪೀರಿಯಡ್’ ಎಂಬುದಕ್ಕೆ ಭೌತಶಾಸ್ತ್ರದ ಪುಸ್ತಕಗಳಲ್ಲಿ ‘ಅವಧಿ’ ಎಂದಿದೆ. “16 ಸೆಕೆಂಡು ಅವಧಿಯ ಅಲೆ” ಎಂದು ಬರೆದಾಗ, ಆ ಅಲೆ ಹದಿನಾರು ಸೆಕೆಂಡು ಇದ್ದು ಮುಗಿದುಹೋಗುತ್ತದೆಂಬ ಅರ್ಥ ಹೊರಡುತ್ತದೆ. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನದರ ನೆತ್ತಿ ಅದೇ ಜಾಗಕ್ಕೆ ಬರಲು ಹಿಡಿಯುವ ಕಾಲವೆಂಬುದು ಅದರಲ್ಲಿ ಕಾಣುವುದಿಲ್ಲ. “ಅಲೆಯಿಂದ ಅಲೆಗೆ 16 ಸೆಕೆಂಡು” ಎಂದು ಬರೆಯುವುದೇ ಲೇಸೆನಿಸಿದೆ. ಈ ಸಂಖ್ಯೆಯನ್ನು ಓದುಗರು ಎತ್ತರಕ್ಕಿಂತ ಹೆಚ್ಚು ಗಮನಿಸಬೇಕು. 8 ಸೆಕೆಂಡಿನ ಅಲೆಯ ಉದ್ದ, ಅಂದರೆ ನೆತ್ತಿಯಿಂದ ನೆತ್ತಿಗಿರುವ ದೂರ, ಆಳದ ನೀರಿನಲ್ಲಿ ಸುಮಾರು 100 ಮೀಟರ್ ಆದರೆ 16 ಸೆಕೆಂಡಿನದು ಸುಮಾರು 400 ಮೀಟರ್; ಕಾಲ ಇಮ್ಮಡಿಯಾದರೆ ಉದ್ದ ನಾಲ್ಕು ಮಡಿಯಾಗುತ್ತದೆ. ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ಕಡಲತಳದ ತಡೆ ತಾಗತೊಡಗುತ್ತದೆ. ತೆಆಹುಪೊಒದಲ್ಲಿ ಕಡಲತಳ ಆಳದಿಂದ ಹವಳದ ದಿಬ್ಬಕ್ಕೆ ತೀರ ಕಡಿದಾಗಿ ಏರುವುದರಿಂದ, ಅಲೆ ನಿಧಾನವಾಗಿ ಸೊರಗುವ ಬದಲು ತನ್ನ ಶಕ್ತಿಯನ್ನೆಲ್ಲ ಇಟ್ಟುಕೊಂಡೇ ಒಮ್ಮೆಲೇ ಎದ್ದುನಿಂತು, ದಪ್ಪನೆಯ ಅಂಚನ್ನು ಮುಂದಕ್ಕೆ ಚೆಲ್ಲಿ ಸುರಂಗದಂತೆ ಮಗುಚಿಕೊಳ್ಳುತ್ತದೆ. ಪತ್ರಿಕೆಗಳಲ್ಲಿ ಅಲೆಯೆಂದರೆ ‘ದಡಕ್ಕೆ ಅಪ್ಪಳಿಸುವುದು’ ರೂಢಿ. ಇದು ದಡವನ್ನು ಮುಟ್ಟುವ ಮೊದಲೇ ದೂರದಲ್ಲಿ ಒಡೆಯುವುದರಿಂದ ಇಲ್ಲಿ ‘ಒಡೆ’ ಎಂಬ ಕ್ರಿಯಾಪದವೇ ಸರಿ. ರೀಫ್ ಬ್ರೇಕ್ ಎಂಬುದಕ್ಕೆ ಹೊಸ ನಾಮಪದವನ್ನು ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. “ಹವಳದ ದಿಬ್ಬದ ಮೇಲೆ ಒಡೆಯುವ ಅಲೆ” ಎಂದರೆ ಸಾಕು.

ಆದರೆ ‘ದಿಬ್ಬ’ದಲ್ಲಿ ಒಂದು ತೊಡಕಿದೆ. ನಾವು ‘ಮರಳ ದಿಬ್ಬ’ ಎಂದೂ ಹೇಳುತ್ತೇವೆ. 2024ರ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದ ಮೂಲ್ಕಿ ಸಮೀಪದ ಸಸಿಹಿತ್ಲುವಿನಂಥ ಕಡೆ, ಅಳಿವೆಯ ಬಳಿ ಹೊಳೆಯ ಹರಿವಿಗೂ ಮಳೆಗಾಲದ ಕಡಲಿಗೂ ಸಿಕ್ಕಿ ಮರಳು ಜಾಗ ಬದಲಿಸುತ್ತ ಇರುವುದರಿಂದ ಅಲೆ ಒಡೆಯುವ ಜಾಗವೂ ಬದಲಾಗುತ್ತದೆ. ಹವಳದ ದಿಬ್ಬ ಹಾಗೆ ಕದಲದು; ಒಂದೇ ದಿಕ್ಕಿನ ಸ್ವೆಲ್‌ಗೆ ಅಲೆ ವರ್ಷ ವರ್ಷವೂ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಒಡೆಯುವುದು ಆ ಕಾರಣಕ್ಕೇ. ಕಲ್ಲಿನ ರೀಫ್‌ಗಳೂ ಇರುವುದರಿಂದ ಎರಡಕ್ಕೂ ಸಲ್ಲುವಂತೆ ‘ನೀರಡಿಯ ಬಂಡೆಸಾಲು’ ಎನ್ನಬಹುದೇ?

‘ಆಫ್‌ಶೋರ್ ವಿಂಡ್’ ಎಂಬುದರ ಅನುವಾದದಲ್ಲಿ ಅರ್ಥವೇ ತಿರುಗುಮುರುಗಾಗುವ ಭಯವಿದೆ. ತೈಲಬಾವಿಗಳ ಸುದ್ದಿಯಲ್ಲಿ ‘ಆಫ್‌ಶೋರ್’ ಎಂದರೆ ‘ಕಡಲಾಚೆಯ’. ಅದೇ ಜಾಡಿನಲ್ಲಿ ‘ಕಡಲಾಚೆಯ ಗಾಳಿ’ ಎಂದರೆ ಕಡಲಿನಿಂದ ಬರುವ ಗಾಳಿಯೆಂದಾಗುತ್ತದೆ. ನಿಜವಾಗಿ ಅದು ನೆಲದಿಂದ ಕಡಲಿಗೆ ಬೀಸುವ ಗಾಳಿ, ಅಲೆಯ ಮುಖಕ್ಕೆ ಎದುರಾಗಿ ಬಂದು ಅದನ್ನು ನಯವಾಗಿ ನಿಲ್ಲಿಸುವಂಥದು. ಪಾಠಪುಸ್ತಕಗಳ ‘ನೆಲಗಾಳಿ’ ಇದಕ್ಕೆ ಹತ್ತಿರದ ಪದ. ತಾಹಿತಿಯಲ್ಲಿ ರಾತ್ರಿ ಬೆಟ್ಟಗಳಿಂದಿಳಿದು ಬೆಳಗಿನವರೆಗೆ ಬೀಸುವ ತಂಪುಗಾಳಿಗೆ ‘ಹೂಪೆ’ ಎನ್ನುತ್ತಾರೆ, ಅದು ನೆಲಗಾಳಿಯೇ. ಚಳಿಗಾಲದಲ್ಲಿ ಬಲವಾಗಿ ಬೀಸಿ ಅಲೆಯನ್ನು ಕೆಡಿಸುವ ಆಗ್ನೇಯದ ಗಾಳಿ ‘ಮರಾಆಮು’. ಈ ಎರಡು ಹೆಸರುಗಳನ್ನು ಹಾಗೆಯೇ ಉಳಿಸಿಕೊಳ್ಳುವ ಯೋಚನೆ ನನ್ನದು. ದಿಕ್ಕಿನ ವಿಷಯದಲ್ಲಿ ತೊಂದರೆಯಿಲ್ಲ: ‘ನೈಋತ್ಯ ಮಾರುತ’ ಎಂದರೆ ನೈಋತ್ಯದಿಂದ ಬರುವುದೆಂದು ನಮಗೆ ರೂಢಿಯಾಗಿದೆ, ಸ್ವೆಲ್‌ಗೂ ಅದೇ ಕ್ರಮ.

ಎತ್ತರದ ಬಗ್ಗೆ ಒಂದು ಮಾತು. ಸಾಗರ ಮುನ್ಸೂಚನೆಗಳಲ್ಲಿ ಕೊಡುವ ‘ಸಿಗ್ನಿಫಿಕೆಂಟ್ ವೇವ್ ಹೈಟ್’ ಎಂದರೆ, ಆ ಹೊತ್ತಿನ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲಿನ ಸರಾಸರಿ. ಅದನ್ನು ‘ಗಣನೀಯ ಎತ್ತರ’ ಎಂದು ಕನ್ನಡಿಸಿದರೆ, ಅಲೆ ತುಂಬ ಎತ್ತರವೆಂದಷ್ಟೇ ತಿಳಿಯುತ್ತದೆ. ಅದೇ ಸಾಲಿನಲ್ಲಿ ಒಂದೊಂದು ಅಲೆ ಅದರ ಇಮ್ಮಡಿಯವರೆಗೂ ಏಳಬಹುದೆಂಬ ಎಚ್ಚರ ಉಳಿಯುವುದಿಲ್ಲ. ಇದಕ್ಕೆ ನನ್ನ ಬಳಿ ತೃಪ್ತಿಕರವಾದ ಪದವಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಇಷ್ಟು. ಉಳ್ಳಾಲದಿಂದ ಕಾರವಾರದವರೆಗೆ ಕಡಲಿಗೆ ಇಳಿಯುವ ಮೊಗವೀರರು, ಖಾರ್ವಿಗಳು, ಹರಿಕಂತ್ರರು ಗಾಳಿಯಿಲ್ಲದ ದಿನ ದೂರದಿಂದ ಬರುವ ಉದ್ದನೆಯ ಅಲೆಗೆ ಕನ್ನಡದಲ್ಲಾಗಲಿ ತುಳು, ಕೊಂಕಣಿಗಳಲ್ಲಾಗಲಿ ಬೇರೆ ಹೆಸರನ್ನು ಬಳಸುತ್ತಾರೆಯೇ, ಬಳಸಿದರೆ ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಎಂಬುದನ್ನು ಕೇಳಿ ಬಲ್ಲವರು ದಯವಿಟ್ಟು ತಿಳಿಸಬೇಕು. ಅಂಥ ಪದವೊಂದು ಬಳಕೆಯಲ್ಲಿದ್ದರೆ ‘ದೂರದಲೆ’ಯನ್ನು ನಾನು ಸಂತೋಷದಿಂದ ಕೈಬಿಡುತ್ತೇನೆ. ಇಲ್ಲವಾದರೆ ‘ದೂರದಲೆ’, ‘ನಿಡುದೆರೆ’ ಇವುಗಳಲ್ಲಿ ಯಾವುದು ಎಚ್ಚರಿಕೆಯ ಪ್ರಕಟಣೆಗಳಲ್ಲಿ ಮೊದಲ ಓದಿಗೇ ಅರ್ಥವಾದೀತೆಂಬ ಬಗ್ಗೆ, ವಿಶೇಷವಾಗಿ ಕರಾವಳಿಯ ಶಾಲೆಗಳಲ್ಲಿ ಪಾಠ ಮಾಡುವವರ ಅಭಿಪ್ರಾಯ ಬೇಕಾಗಿದೆ.