‘ಹೆಚ್ಚುವರಿ ಸಾವು’: ಇದಕ್ಕಿಂತ ಒಳ್ಳೆಯ ಮಾತಿದೆಯೇ?

ಬಲ್ಲವರಲ್ಲಿ ಒಂದು ಕೇಳಿಕೆ.

ವಿಪರೀತ ತಾಪ ಮತ್ತು ಸೋಂಕುರೋಗಗಳಿಂದಾಗುವ ಸಾವುಗಳನ್ನು ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ‘ಎಕ್ಸೆಸ್ ಡೆತ್ಸ್’ ಎಂಬುದಕ್ಕೆ ‘ಹೆಚ್ಚುವರಿ ಸಾವು’ ಎಂಬ ಬಳಕೆಯಿದೆ. ನನಗದು ಒಗ್ಗುತ್ತಿಲ್ಲ. ಹೆಚ್ಚುವರಿ ಬಸ್, ಹೆಚ್ಚುವರಿ ಅನುದಾನ, ಹೆಚ್ಚುವರಿ ಕೊಠಡಿ ಇವೆಲ್ಲ ಯಾರೋ ಬೇಕೆಂದೇ ಸೇರಿಸಿದವು. ಸಾವನ್ನು ಆ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ.

ಹಿಂದಿನ ವರ್ಷಗಳ ಲೆಕ್ಕದಂತೆ ಒಂದು ಅವಧಿಯಲ್ಲಿ ಎಷ್ಟು ಮಂದಿ ಸಾಯಬಹುದಿತ್ತೋ ಅದನ್ನು ಮೀರಿದ ಎಣಿಕೆ ಎಂಬುದು ಇದರ ಅರ್ಥ. 2003ರ ಬೇಸಿಗೆಯ ವಿಪರೀತ ತಾಪದಲ್ಲಿ ಯುರೋಪು 70,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತೆಂದು ಗೊತ್ತಾದದ್ದು ಈ ಲೆಕ್ಕದಿಂದಲೇ. ಕ್ಷಯಕ್ಕೋ ಮಲೇರಿಯಾಕ್ಕೋ ಪರೀಕ್ಷೆಯಿದೆ, ಮರಣ ಪ್ರಮಾಣಪತ್ರದಲ್ಲಿ ಬರೆಯಲು ಹೆಸರಿದೆ. ತಾಪ ಮಾತ್ರ ಮೊದಲೇ ಸೋತ ಹೃದಯವನ್ನೋ ಮೂತ್ರಪಿಂಡವನ್ನೋ ಕೆಡವುತ್ತದೆ. ಪತ್ರದಲ್ಲಿ ಬಹಳ ಸಲ ಆ ಅಂಗದ ಕಾಯಿಲೆಯಷ್ಟೇ ದಾಖಲಾಗುತ್ತದೆ. ಸೋಂಕಿನಲ್ಲೂ ಎಣಿಕೆ ತಪ್ಪುವುದುಂಟು. 2020 ಮತ್ತು 2021ರಲ್ಲಿ ಕೋವಿಡ್ ಸಾವುಗಳೆಂದು ವರದಿಯಾದವು ಸುಮಾರು 54 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಆ ಎರಡು ವರ್ಷಗಳ ‘ಹೆಚ್ಚುವರಿ’ ಸಾವು ಸುಮಾರು 1.49 ಕೋಟಿ. ಯಾವ ಪಟ್ಟಿಯಲ್ಲೂ ಸಿಗದವರನ್ನು ಲೆಕ್ಕಕ್ಕೆ ತರುವ ಪದವಿದು, ಅದಕ್ಕೇ ಇಷ್ಟು ತಡಕಾಡುತ್ತಿದ್ದೇನೆ.

ಮಳೆಯ ವರದಿಗಳಲ್ಲಿ ‘ವಾಡಿಕೆ ಮಳೆ’, ‘ವಾಡಿಕೆಗಿಂತ ಹೆಚ್ಚು’ ಎನ್ನುತ್ತೇವಲ್ಲ, ಹಾಗೆಯೇ ‘ವಾಡಿಕೆ ಮೀರಿದ ಸಾವು’ ಎನ್ನಬಹುದೇ? ಹಲವು ವರ್ಷಗಳ ಸರಾಸರಿಯೆಂಬ ಅರ್ಥ ಅದರಲ್ಲಿ ಆಗಲೇ ಬೇರೂರಿದೆ. ಎಣಿಕೆ ಇಳಿದರೆ ‘ವಾಡಿಕೆಗಿಂತ ಕಡಿಮೆ’ ಎನ್ನಲೂ ಬರುತ್ತದೆ. ಸಂಪ್ರದಾಯದ ವಾಸನೆ ಅಡ್ಡ ಬರಬಹುದೆಂಬ ಅಳುಕು ಮಾತ್ರ ಇದೆ. ‘ಅಧಿಕ ಮರಣ’ ಎಂದರೆ ಬರಿಯ ದೊಡ್ಡ ಸಂಖ್ಯೆಯೆಂದು ತಿಳಿಯುವ ಅಪಾಯವಿದೆ. ‘ನಿರೀಕ್ಷೆ ಮೀರಿದ’ ಎಂಬುದಂತೂ ಬೇಡವೇ ಬೇಡ, ಸಾವಿಗಾಗಿ ಕಾದು ಕುಳಿತಂತಾಗುತ್ತದೆ.

ಇದರ ಬೆನ್ನಿಗೇ ಇನ್ನೊಂದು ತೊಡಕು. ‘ಬಿಸಿಲಿಗೆ ಬಲಿ’ ಎಂದು ಬರೆಯುವುದು ರೂಢಿ. ಆದರೆ 2003ರಲ್ಲಿ ಸತ್ತ ಎಷ್ಟೋ ವೃದ್ಧರು ಮನೆಯೊಳಗೇ ಇದ್ದವರು. ರಾತ್ರಿಯೂ ತಣಿಯದ ಗಾಳಿ ಅವರನ್ನು ಬಳಲಿಸಿತ್ತು. ಅಲ್ಲಿ ಬಿಸಿಲೆಲ್ಲಿ ಬಂತು? ‘ಸೆಕೆ’ ಮೆದುವಾಯಿತು, ‘ಉಷ್ಣ’ ಪಠ್ಯಪುಸ್ತಕದ್ದಾಯಿತು. ‘ಧಗೆ’ಗೆ ಹಗಲು ರಾತ್ರಿಯ ಹಂಗಿಲ್ಲವೆಂದು ‘ಧಗೆಯ ಸಾವು’ ಎಂದು ಬರೆದಿಟ್ಟಿದ್ದೇನೆ. ನಿಮ್ಮ ಕಡೆಯ ಮಾತಿನಲ್ಲಿ ‘ಧಗೆ’ ರಾತ್ರಿಗೂ ಸಲ್ಲುತ್ತದೆಯೇ, ಅಥವಾ ಬೇರೆ ಪದವೇನಾದರೂ ಇದೆಯೇ?