10 ಸೆಕೆಂಡಿನ ಪಜಲ್ ಪರೀಕ್ಷೆಯಿಂದ ಯಾವ ಚೆಸ್ ಎಂಜಿನ್ ಜೋರು ಅಂತ ಹೇಳಬಹುದೇ?

ಹಾಸನದ ಕುದುರೆ:
ಸಂಜೆ ಹೊತ್ತು ಇಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಶನಿವಾರದ ಪಾಠಕ್ಕೆ ಅಂತ 40 ಪೊಸಿಷನ್ ಆರಿಸಿದ್ದೇನೆ, ಎಲ್ಲವೂ ಕಾಯಿ ಬಲಿಕೊಟ್ಟು ಗೆಲ್ಲುವಂಥವು. ಅವನ್ನೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಸ್ಟಾಕ್‌ಫಿಶ್, ಲೀಲಾ, ಒಂದು ಹಳೇ ಫ್ರಿಟ್ಜ್, ಈ ಮೂರು ಎಂಜಿನ್‌ಗೂ (ಚೆಸ್ ಆಡುವ ಸಾಫ್ಟ್‌ವೇರ್) ತಲಾ 10 ಸೆಕೆಂಡ್ ಕೊಟ್ಟು ನೋಡಿದೆ. ಲೀಲಾ ತುಂಬಾ ಹಿಂದೆ ಬಿತ್ತು. ಒಂದು ರಾಣಿ ಬಲಿಯನ್ನು ಫ್ರಿಟ್ಜ್ ತಕ್ಷಣ ಹಿಡಿಯಿತು, ಸ್ಟಾಕ್‌ಫಿಶ್‌ಗೆ 10 ಸೆಕೆಂಡ್ ಸಾಲಲಿಲ್ಲ. ಮಾರನೇ ದಿನ ಅದೇ ಪೊಸಿಷನ್ ಕೊಟ್ಟರೆ 3 ಸೆಕೆಂಡಿಗೇ ಸಿಕ್ಕಿತು! ಇದನ್ನು ಹೇಗೆ ಅರ್ಥ ಮಾಡಿಕೊಳ್ಳೋದು?

ಆಲೂರು ಕಡೆಯವನು:
ಮೊದಲು ಥ್ರೆಡ್, ಅಂದರೆ ಎಂಜಿನ್ ಒಟ್ಟೊಟ್ಟಿಗೆ ನಡೆಸುವ ಹುಡುಕಾಟಗಳು, ಎಷ್ಟು ಇಟ್ಟಿದ್ದೀರಿ ನೋಡಿ ಸರ್. ಒಂದಕ್ಕಿಂತ ಜಾಸ್ತಿ ಇದ್ದರೆ ಪ್ರತಿ ಸಲ ಹುಡುಕಾಟದ ದಾರಿ ಬೇರೆಯಾಗುತ್ತದೆ, ಹಾಗಾಗಿ ಸಮಯವೂ ಬೇರೆ. ಒಂದೇ ಥ್ರೆಡ್ ಇಡಿ. ಪ್ರತಿ ಪೊಸಿಷನ್‌ಗೂ ಮೊದಲು ಹ್ಯಾಶ್ (ಎಂಜಿನ್ ತನ್ನ ಲೆಕ್ಕ ಕೂಡಿಡುವ ಮೆಮೊರಿ) ಖಾಲಿ ಮಾಡಿ, ಇಲ್ಲದಿದ್ದರೆ ಹಿಂದೆ ನೋಡಿದ್ದು ನೆನಪಿನಲ್ಲಿ ಉಳಿದಿರುತ್ತದೆ. ಇನ್ನು ಲೀಲಾ ಬಗ್ಗೆ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದೆಯಾ? ಲೀಲಾದ ನ್ಯೂರಲ್ ನೆಟ್‌ವರ್ಕ್ ಜೋರಾಗಿ ಓಡಲು ಅದು ಬೇಕು, ಇಲ್ಲ ಅಂದರೆ ಲೀಲಾಗೆ ಅನ್ಯಾಯ ಮಾಡಿದ ಹಾಗೆ.

ಕಾಫಿ ಸೀಮೆ:
ನನಗೆ ಇಷ್ಟದ ವಿಷಯ ಇದು, ಸ್ವಲ್ಪ ಉದ್ದ ಬರೆಯುತ್ತೇನೆ. ಸ್ಟಾಕ್‌ಫಿಶ್ ಎಲ್ಲ ನಡೆಗಳನ್ನೂ ಒಂದೇ ಆಳಕ್ಕೆ ನೋಡುವುದಿಲ್ಲ. ಒಳ್ಳೆಯದು ಅನ್ನಿಸುವ ನಡೆ ಮೊದಲು ಬರುವಂತೆ ಪಟ್ಟಿ ಮಾಡಿ, ಅದರಲ್ಲಿ ಹಿಂದೆ ಇರುವ ನಡೆಗಳನ್ನು ಮೇಲುಮೇಲೆ ನೋಡಿ ಬಿಡುತ್ತದೆ. ಜೊತೆಗೆ, "ಎದುರಾಳಿಗೆ ಒಂದು ನಡೆ ಸುಮ್ನೆ ಬಿಟ್ಟುಕೊಟ್ಟರೂ ನನ್ನ ಕೈಯೇ ಮೇಲು" ಅಂತ ಕಂಡರೆ ಆ ಕೊಂಬೆಯನ್ನು, ಅಂದರೆ ಆ ನಡೆಗಳ ಸಾಲನ್ನು, ಮುಂದೆ ನೋಡದೆ ಅಲ್ಲೇ ಕತ್ತರಿಸುತ್ತದೆ. ಆಟದಲ್ಲಿ ಇದರಿಂದ ತುಂಬಾ ಲಾಭ, ಅಷ್ಟು ಆಳಕ್ಕೆ ಹೋಗುವುದೇ ಇದರಿಂದ. ಆದರೆ ರಾಣಿ ಕೊಟ್ಟು, ಆಮೇಲೆ ಚೆಕ್ಕೂ ಇಲ್ಲದ ಒಂದು ಶಾಂತ ನಡೆಯಿಂದ ಗೆಲ್ಲುವಂಥ ಪೊಸಿಷನ್ ಬಂದರೆ ಅದೇ ಕತ್ತರಿ ಸರಿಯಾದ ಕೊಂಬೆಗೂ ಬೀಳುತ್ತದೆ. ಏನು ನಡೆಸಿದರೂ ಕೆಡುವ ಜುಗ್‌ಝ್ವಾಂಗ್‌ನಲ್ಲಂತೂ ಆ ನಡೆ ಬಿಟ್ಟುಕೊಡುವ ಲೆಕ್ಕವೇ ತಪ್ಪು, ಅಲ್ವಾ? ಲೀಲಾ ಕಥೆ ಬೇರೆ. ಯಾವ ನಡೆ ನೋಡಬೇಕು ಅಂತ ಸೂಚಿಸುವ ಅದರ ನೆಟ್‌ವರ್ಕ್‌ಗೆ ಬಲಿಯ ನಡೆ ಮೊದಲ ನೋಟಕ್ಕೆ ಹಿಡಿಸದಿದ್ದರೆ, ಆ ಕಡೆ ತಿರುಗಿ ನೋಡುವುದೇ ತಡವಾಗುತ್ತದೆ.

ಪಜಲ್ ಬೇಗ ಬಿಡಿಸುವುದು ಬೇರೆ, ಆಟ ಗೆಲ್ಲುವುದು ಬೇರೆ. ಚೆಸ್ ಬಲ ಅಳೆಯಲು 1982ರಲ್ಲಿ ಬಂದ ಬ್ರಾಟ್ಕೊ-ಕೋಪೆಕ್ ಪರೀಕ್ಷೆಯ 24 ಪೊಸಿಷನ್‌ಗಳಲ್ಲೂ ಅರ್ಧ ಮಾತ್ರ ಟ್ಯಾಕ್ಟಿಕ್ಸ್ (ನಿಮ್ಮ ಬಲಿಗಳಂಥ ಹೊಡೆತ), ಉಳಿದರ್ಧ ಪದಾತಿಗಳ ವಿಷಯ. ಬಲ ಗೊತ್ತಾಗಬೇಕಾದರೆ ಬೇರೆ ಬೇರೆ ಓಪನಿಂಗ್ ಕೊಟ್ಟು, ಬಣ್ಣ ಬದಲಿಸಿ, ನೂರಾರು ಆಟ ಆಡಿಸಬೇಕು.

ಆಲೂರು ಕಡೆಯವನು:
ಇನ್ನೊಂದು. ಸರಿಯಾದ ನಡೆ ಒಂದು ಕ್ಷಣ ತೋರಿಸಿ ಆಮೇಲೆ ಬದಲಿಸಿದರೆ ಅದನ್ನು ಉತ್ತರ ಅಂತ ಎಣಿಸಬೇಡಿ. ಸ್ಕೋರ್ ನೋಡಿ, ಗೆಲುವು ಕಂಡಿದೆಯಾ ಅಂತ. ಮಲ್ಟಿಪಿವಿ (ಒಂದರ ಬದಲು ಹಲವು ಒಳ್ಳೆ ನಡೆ ತೋರಿಸುವ ಸೆಟ್ಟಿಂಗ್) 3 ಅಥವಾ 4 ಇಟ್ಟು ಪರೀಕ್ಷಿಸಿ, ನಿಧಾನ ಆದರೂ ಬೇರೆ ಗೆಲ್ಲುವ ನಡೆ ಇದ್ದರೆ ಗೊತ್ತಾಗುತ್ತದೆ.

ಹಾಸನದ ಕುದುರೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗ್ರಾಫಿಕ್ಸ್ ಕಾರ್ಡ್ ಇಲ್ಲ, ಥ್ರೆಡ್ 4 ಇತ್ತು. ಒಂದಕ್ಕೆ ಇಳಿಸಿ ಹ್ಯಾಶ್ ಖಾಲಿ ಮಾಡಿದ ಮೇಲೆ ಎರಡು ಸಲವೂ ಹೆಚ್ಚುಕಡಿಮೆ ಒಂದೇ ಸಮಯ ಬಂತು. ಮಲ್ಟಿಪಿವಿ ಹಾಕಿದಾಗ ಎರಡು ಪೊಸಿಷನ್‌ನಲ್ಲಿ ಬಲಿ ಕೊಡದೆ ಆನೆ ನಡೆಸಿದರೂ ಗೆಲುವೇ ಅಂತ ತೋರಿಸಿತು. ಶನಿವಾರದೊಳಗೆ ಅವೆರಡನ್ನೂ ಬದಲಾಯಿಸುತ್ತೇನೆ.