ಸಹಾಯ ಬೇಕು: ತಲಪಾಡಿ–ನೀಲೇಶ್ವರ ನಡುವೆ ಹೈಡ್ರೋಜನ್ ಬಂಕ್ ಎಲ್ಲಿ ಆದೀತು?

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆಯವನು. ಫ್ಯೂಯೆಲ್ ಸೆಲ್ (ಹೈಡ್ರೋಜನ್‌ನಿಂದ ಕರೆಂಟು ಮಾಡಿ ಓಡುವ) ಲಾರಿ, ಬಸ್ಸುಗಳಿಗೆ ಮಂಗಳೂರಿನಿಂದ ಕೊಚ್ಚಿವರೆಗೆ ಎಲ್ಲೆಲ್ಲಿ ಹೈಡ್ರೋಜನ್ ಬಂಕ್ ಬೇಕೆಂದು ಎಂ.ಟೆಕ್ ಪ್ರಾಜೆಕ್ಟಿಗೆ ನಕ್ಷೆ ಮಾಡುತ್ತಿದ್ದೇನೆ. 2025ರಲ್ಲಿ ಕೇಂದ್ರ ಮಂಜೂರು ಮಾಡಿದ ಪ್ರಾಯೋಗಿಕ ಯೋಜನೆಗಳಲ್ಲಿ 37 ವಾಹನ, 9 ಬಂಕ್ ಉಂಟು. ತಿರುವನಂತಪುರ–ಕೊಚ್ಚಿ ದಾರಿ ಸೇರಿದೆ, ನಮ್ಮ ಕಾಸರಗೋಡು ಇಲ್ಲ. ನಾಳೆ ಆ ದಾರಿ ಬಡಗು ದಿಕ್ಕಿಗೆ ಬೆಳೆಯುವಾಗ ನಮ್ಮ ಜಿಲ್ಲೆಯ ಲೆಕ್ಕ ತಯಾರಿರಬೇಕು ಎಂಬುದೇ ನನ್ನ ಆಸೆ.

ಸಿಎನ್‌ಜಿ ತುಂಬಿಸುವುದು ಸುಮಾರು 200 ಬಾರ್ ಒತ್ತಡದಲ್ಲಿ. ಹೈಡ್ರೋಜನ್ ಬಸ್ಸು, ಲಾರಿಗೆ ಸಾಮಾನ್ಯವಾಗಿ 350, ಕಾರಿಗೆ 700. 700ರಲ್ಲಿ ಬೇಗ ತುಂಬಿಸಿದರೆ ಟ್ಯಾಂಕ್ ಬಿಸಿಯಾಗುತ್ತದೆ, ಹಾಗಾಗಿ ಅನಿಲವನ್ನು ಮೈನಸ್ 40 ಡಿಗ್ರಿಯ ಹತ್ತಿರಕ್ಕೆ ತಣಿಸಿಯೇ ಬಿಡಬೇಕು. ನಮ್ಮ ಏಪ್ರಿಲ್ ಸೆಕೆಗೆ ಅದು ದೊಡ್ಡ ಕರೆಂಟು ಖರ್ಚು. ಮೊದಲು ಲಾರಿಗಳಿಗೆ 350ರ ಬಂಕೇ ಸರಿ ಅನಿಸುತ್ತದೆ.

ಮೀನಿನ ಲಾರಿ, ಟ್ಯಾಂಕರ್ ಓಡಿಸುವ ಅಣ್ಣಂದಿರೇ, ರಾತ್ರಿ ನೀವು ನಿಲ್ಲಿಸುವುದು ಎಲ್ಲಿ? ಉಪ್ಪಳವೋ, ಚೆರ್ಕಳವೋ, ಹೊಸದುರ್ಗವೋ? ಹೆದ್ದಾರಿ 66 ಅಗಲವಾದ ಮೇಲೆ ಜಾಗ ಬದಲಾಯಿತೇ? ಸಿಎನ್‌ಜಿ ಬಂಕಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಕಡಲ ಉಪ್ಪುಗಾಳಿಗೆ ಕಂಪ್ರೆಸರಿನ ಪೈಪು, ವಾಲ್ವುಗಳು ಹೇಗೆ ಬಾಳುತ್ತವೆ ಎಂದು ದಯವಿಟ್ಟು ತಿಳಿಸಿ. ಕಮೆಂಟಿನಲ್ಲಿ ಎರಡು ಸಾಲು ಬರೆದರೂ ಬಹಳ ಉಪಕಾರ.